ವಾಹನದ ಹವಾನಿಯಂತ್ರಣದಲ್ಲಿ ವಿದ್ಯುತ್ ದೋಷ: ಕಂಪ್ರೆಸರ್ ಬದಲಿಸುವ ಮುನ್ನ ಮಾಡಬೇಕಾದ ಅಳತೆಗಳು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2023ರ ಡಿಸೆಂಬರ್ ತಿಂಗಳಲ್ಲಿ ಹೊರಡಿಸಿದ ಅಧಿಸೂಚನೆಯ ಮೇರೆಗೆ, 2025ರ ಅಕ್ಟೋಬರ್ 1ರಂದು ಅಥವಾ ಅನಂತರ ತಯಾರಾಗುವ ಎನ್-2 ಮತ್ತು ಎನ್-3 ವರ್ಗದ ಸರಕು ವಾಹನಗಳಲ್ಲಿ, ಅಂದರೆ ಒಟ್ಟು ತೂಕ 3.5 ಟನ್ನಿಗಿಂತ ಹೆಚ್ಚಿರುವ ಲಾರಿಗಳಲ್ಲಿ, ಚಾಲಕರ ಕ್ಯಾಬಿನ್ ಹವಾನಿಯಂತ್ರಿತವಾಗಿರುವುದು ಕಡ್ಡಾಯವಾಗಿದೆ. ಈವರೆಗೆ ಕಾರು ಮತ್ತು ಐಷಾರಾಮಿ ಬಸ್ಸುಗಳಿಗೆ ಸೀಮಿತವೆಂದು ಭಾವಿಸಲಾಗಿದ್ದ ಎ.ಸಿ. ದುರಸ್ತಿಯು ಇದರಿಂದಾಗಿ ಸಾಮಾನ್ಯ ಸರಕು ಸಾಗಣೆದಾರನ ಖರ್ಚಿನ ಪಟ್ಟಿಗೂ ಸೇರಿಕೊಂಡಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ವರ್ತಕರು ತರಕಾರಿ, ಬೆಲ್ಲ, ಗೋವಿನಜೋಳ ಹಾಗೂ ಸಣ್ಣ ಕಾರ್ಖಾನೆಗಳ ಸಿದ್ಧ ಮಾಲನ್ನು ಬೆಳಗಾವಿಗೆ, ಸಂಕೇಶ್ವರದ ಮೂಲಕ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆಯ ಕಡೆಗೆ ಕಳುಹಿಸುವವರಾದ್ದರಿಂದ, ವಾಹನವು ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಆಗುವ ನಷ್ಟವನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಎ.ಸಿ. ಕೆಲಸ ಮಾಡದೆ ನಿಂತಾಗ ರೂಢಿಯಲ್ಲಿ ನಡೆಯುವುದು ಎರಡೇ ಕೆಲಸ. ಮೊದಲು ಗ್ಯಾಸ್ ತುಂಬಿಸಲಾಗುತ್ತದೆ. ಅದರಿಂದ ಗುಣವಾಗದಿದ್ದರೆ ಕಂಪ್ರೆಸರ್ ಹೋಗಿದೆ ಎಂದು ತೀರ್ಮಾನಿಸಲಾಗುತ್ತದೆ. ಇವೆರಡರ ನಡುವೆ ಇರುವ ಫ್ಯೂಸ್, ರಿಲೇ, ಒತ್ತಡದ ಸ್ವಿಚ್, ಥರ್ಮೊಸ್ಟ್ಯಾಟ್, ಕ್ಲಚ್ ಕಾಯಿಲ್ ಮತ್ತು ಇವುಗಳನ್ನು ಜೋಡಿಸುವ ತಂತಿಗಳನ್ನು ಅಳತೆ ಮಾಡಿ ನೋಡುವವರು ಕಡಿಮೆ. ರಿಲೇಯ ಬೆಲೆ ಕೆಲವು ನೂರು ರೂಪಾಯಿ. ಸಡಿಲಾದ ಅರ್ಥಿಂಗ್ ಬೋಲ್ಟನ್ನು ಉಜ್ಜಿ ಬಿಗಿಮಾಡಲು ಅದೂ ಬೇಕಿಲ್ಲ. ಕಂಪ್ರೆಸರಿನ ಬೆಲೆಯಾದರೋ ಹಲವು ಸಾವಿರ ರೂಪಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವ ಈ ದುರಸ್ತಿಯಲ್ಲಿ ಹಣ ಕಳೆದುಕೊಳ್ಳುವವನು ವಾಹನದ ಮಾಲೀಕನೇ ಹೊರತು ಮೆಕ್ಯಾನಿಕ್ ಅಲ್ಲ. ಆದುದರಿಂದ ಮಾಲೀಕನು ಸ್ವತಃ ಸ್ಪ್ಯಾನರ್ ಹಿಡಿಯದಿದ್ದರೂ, ಯಾವ ಅಳತೆಯನ್ನು ಕೇಳಬೇಕು ಎಂಬುದನ್ನಾದರೂ ಅರಿತಿರುವುದು ಲಾಭದಾಯಕ.

ವಿದ್ಯುತ್ ಸಾಗುವ ದಾರಿ

ಎಂಜಿನ್ನಿನ ಬೆಲ್ಟ್ ಕಂಪ್ರೆಸರಿನ ಪುಲ್ಲಿಯನ್ನು ಸದಾ ತಿರುಗಿಸುತ್ತಲೇ ಇರುತ್ತದೆ. ಆದರೆ ಪುಲ್ಲಿ ತಿರುಗಿದ ಮಾತ್ರಕ್ಕೆ ಕಂಪ್ರೆಸರ್ ತಿರುಗುವುದಿಲ್ಲ. ಪುಲ್ಲಿಯ ಹಿಂದೆ ಇರುವ ವಿದ್ಯುತ್ಕಾಂತದ ಕಾಯಿಲ್‌ಗೆ ಪ್ರವಾಹ ಹರಿದಾಗ ಅದು ಮುಂದಿನ ಉಕ್ಕಿನ ತಟ್ಟೆಯನ್ನು ಪುಲ್ಲಿಗೆ ಸೆಳೆದುಕೊಳ್ಳುತ್ತದೆ. ಆಗ 'ಟಕ್' ಎಂಬ ಸದ್ದು ಕೇಳಿಬಂದು ಕಂಪ್ರೆಸರಿನ ಶಾಫ್ಟ್ ತಿರುಗಲು ಆರಂಭಿಸುತ್ತದೆ. ಇದನ್ನೇ ಮ್ಯಾಗ್ನೆಟಿಕ್ ಕ್ಲಚ್ ಎನ್ನುವರು. ವಿದ್ಯುತ್ ದೋಷಗಳ ಪೈಕಿ ಹೆಚ್ಚಿನವು ಕೊನೆಗೆ ಈ ಒಂದು 'ಟಕ್' ಸದ್ದು ಬಾರದಿರುವುದರಲ್ಲಿಯೇ ಪ್ರಕಟವಾಗುತ್ತವೆ.

ಆ ಕಾಯಿಲ್‌ಗೆ ಪ್ರವಾಹ ತಲುಪಬೇಕಾದರೆ ಹಲವು ಬಾಗಿಲುಗಳು ಒಂದಾದ ಮೇಲೊಂದು ತೆರೆಯಬೇಕು. ಬ್ಲೋಯರ್ ಚಾಲನೆಯಲ್ಲಿರಬೇಕು, ಎ.ಸಿ. ಸ್ವಿಚ್ ಒತ್ತಿರಬೇಕು, ಇವ್ಯಾಪೊರೇಟರ್ ಮೇಲೆ ಮಂಜುಗಡ್ಡೆ ಕಟ್ಟದಂತೆ ಕಾಯುವ ಥರ್ಮೊಸ್ಟ್ಯಾಟ್ ಒಪ್ಪಬೇಕು, ಗ್ಯಾಸಿನ ಒತ್ತಡವು ಮಿತಿಯೊಳಗಿದೆ ಎಂದು ಪ್ರೆಶರ್ ಸ್ವಿಚ್ ಹೇಳಬೇಕು, ಇತ್ತೀಚಿನ ವಾಹನಗಳಲ್ಲಿ ಎಂಜಿನ್ ಕಂಟ್ರೋಲ್ ಯೂನಿಟ್ ಅನುಮತಿ ನೀಡಬೇಕು. ಇಷ್ಟೂ ಆದ ಬಳಿಕ ರಿಲೇ ಕೂಡಿಕೊಂಡು, ಫ್ಯೂಸಿನ ಮೂಲಕ ಬಂದ ಪ್ರವಾಹವನ್ನು ಕಾಯಿಲ್‌ಗೆ ಕಳುಹಿಸುತ್ತದೆ. ಪ್ರವಾಹವು ಅಲ್ಲಿಂದ ವಾಹನದ ಲೋಹದ ಒಡಲಿನ ಮೂಲಕ ಬ್ಯಾಟರಿಯ ಋಣ ಧ್ರುವಕ್ಕೆ ಮರಳುತ್ತದೆ. ಈ ಮರಳುವ ದಾರಿಯನ್ನು, ಅಂದರೆ ಬಾಡಿ ಅರ್ಥನ್ನು, ಪರೀಕ್ಷಿಸಲು ಮರೆಯುವುದೇ ಹೆಚ್ಚು.

ಎಂಜಿನ್ ವಿಪರೀತ ಕಾದಾಗ ಅಥವಾ ಏರುಮುಖದ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಟ್ರೋಲ್ ಯೂನಿಟ್ ತಾನಾಗಿಯೇ ಕಂಪ್ರೆಸರನ್ನು ಬಿಡಿಸುವ ವ್ಯವಸ್ಥೆ ಹಲವು ವಾಹನಗಳಲ್ಲಿ ಇದೆ. ಇದು ದೋಷವಲ್ಲ. ಘಾಟಿ ಹತ್ತುವಾಗ ಕೆಲ ಕ್ಷಣ ತಂಪು ಕಡಿಮೆಯಾಯಿತೆಂದು ದೂರುವ ಚಾಲಕರಿಗೆ ಇದನ್ನು ತಿಳಿಹೇಳಿದರೆ ಸಾಕು.

ಒಂದು ಉದಾಹರಣೆ

ಅಂಕಲಗಿಯ ವರ್ತಕರೊಬ್ಬರ ಬಳಿ 12 ವೋಲ್ಟಿನ ಒಂದು ಸಣ್ಣ ಸಾಗಣೆ ವಾಹನವಿದೆ ಎಂದು ಭಾವಿಸಬಹುದು. ಅದು ಬೆಳಿಗ್ಗೆ ಮಾಲು ತುಂಬಿಕೊಂಡು ಬೆಳಗಾವಿಗೆ ಹೊರಟಾಗ ಎ.ಸಿ. ಚೆನ್ನಾಗಿ ತಂಪು ನೀಡುತ್ತದೆ. ಮಾಲು ಇಳಿಸಿ, ಲೆಕ್ಕ ಮುಗಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ವಾಹನ ಹತ್ತಿದಾಗ ಬ್ಲೋಯರಿನಿಂದ ಬಿಸಿ ಗಾಳಿಯೇ ಬರುತ್ತದೆ. ಸಂಜೆ ಊರಿಗೆ ಮರಳಿ, ಹೊತ್ತು ಮುಳುಗಿದ ಮೇಲೆ ನೋಡಿದರೆ ಎ.ಸಿ. ಮತ್ತೆ ಸರಿಯಾಗಿದೆ. ಗ್ಯಾರೇಜಿಗೆ ಒಯ್ದ ಹೊತ್ತಿನಲ್ಲಿ ದೋಷ ಕಾಣಿಸದೆ, ಗ್ಯಾಸ್ ತುಂಬಿಸಿ ಕಳುಹಿಸಲಾಗುತ್ತದೆ. ಎರಡು ದಿನಗಳ ಬಳಿಕ ಅದೇ ಕಥೆ. ಆಗ ಕಂಪ್ರೆಸರ್ ಬದಲಿಸುವ ಸಲಹೆ ಬರುತ್ತದೆ.

ಮೀಟರ್ ತೆಗೆಯುವುದಕ್ಕೆ ಮೊದಲು ಈ ನಡವಳಿಕೆಯನ್ನೇ ಓದಬೇಕು. ಗ್ಯಾಸ್ ಸೋರಿದ್ದರೆ ಅದು ಸಂಜೆ ತಾನಾಗಿ ಮರಳಿ ತುಂಬಿಕೊಳ್ಳುವುದಿಲ್ಲ. ಆದುದರಿಂದ ಸೋರಿಕೆಯ ಅನುಮಾನ ಇಲ್ಲಿ ದುರ್ಬಲ. ಕಂಪ್ರೆಸರಿನ ಒಳಭಾಗ ಕೆಟ್ಟಿದ್ದರೆ ಅದೂ ದಿನಕ್ಕೊಮ್ಮೆ ಗುಣವಾಗುವಂಥದ್ದಲ್ಲ. ಬಿಸಿಯಾದಾಗ ನಿಲ್ಲುವುದು, ತಣಿದಾಗ ನಡೆಯುವುದು ಎಂಬ ಲಕ್ಷಣಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಕಂಡೆನ್ಸರ್ ಫ್ಯಾನ್ ತಿರುಗದೆ ಗ್ಯಾಸಿನ ಒತ್ತಡ ಏರಿ, ಪ್ರೆಶರ್ ಸ್ವಿಚ್ ಕಡಿತಗೊಳಿಸುವುದು. ಈ ಸಂದರ್ಭದಲ್ಲಿ ರಸ್ತೆಯಲ್ಲಿ ವೇಗವಾಗಿ ಓಡುವಾಗ ಎದುರು ಗಾಳಿಯಿಂದ ತಂಪು ಬರುತ್ತದೆ, ಸಂತೆಯಲ್ಲಿ ನಿಂತಾಗ ಹೋಗುತ್ತದೆ. ಇನ್ನೊಂದು, ಕ್ಲಚ್ ಕಾಯಿಲ್ ಅಥವಾ ಅದರ ತಂತಿಯ ದೌರ್ಬಲ್ಯ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸರಳವಾಗಿದೆ, ಆದರೆ ದೋಷ ಕಾಣಿಸಿಕೊಂಡ ವೇಳೆಯಲ್ಲಿಯೇ ಅದನ್ನು ಮಾಡಬೇಕು. ಬೆಳಗಿನ ತಂಪಿನಲ್ಲಿ ಮಾಡಿದ ಅಳತೆಯಿಂದ ಮಧ್ಯಾಹ್ನದ ದೋಷ ಸಿಕ್ಕುವುದಿಲ್ಲ. ಎ.ಸಿ. ಸ್ವಿಚ್ ಹಾಕಿ, ಕ್ಲಚ್ ಕೂಡದಿರುವಾಗ, ಕಾಯಿಲ್‌ನ ಕನೆಕ್ಟರ್ ಬಿಚ್ಚದೆ ಹಿಂಬದಿಯಿಂದ ಮೀಟರಿನ ಮೊನೆಗಳನ್ನು ತಾಗಿಸಿ ವೋಲ್ಟೇಜ್ ನೋಡಬೇಕು. ವೋಲ್ಟೇಜ್ ಇಲ್ಲವೇ ಇಲ್ಲವಾದರೆ ದೋಷವು ಮೇಲ್ಗಡೆ ಇದೆ: ಫ್ಯೂಸ್, ರಿಲೇ, ಪ್ರೆಶರ್ ಸ್ವಿಚ್, ಥರ್ಮೊಸ್ಟ್ಯಾಟ್ ಅಥವಾ ಕಂಟ್ರೋಲ್ ಯೂನಿಟ್. ವೋಲ್ಟೇಜ್ ಬ್ಯಾಟರಿಯಷ್ಟೇ ಇದ್ದೂ ಕ್ಲಚ್ ಸೆಳೆಯದಿದ್ದರೆ ದೋಷ ಕಾಯಿಲ್‌ನಲ್ಲಿ ಇಲ್ಲವೇ ತಟ್ಟೆಯ ಅಂತರದಲ್ಲಿ ಇದೆ. ವೋಲ್ಟೇಜ್ ಇದೆ ಆದರೆ ಕಡಿಮೆ ಇದೆ ಎಂದಾದರೆ ದಾರಿಯಲ್ಲಿ ಎಲ್ಲಿಯೋ ಕೆಟ್ಟ ಜೋಡಣೆಯಿದೆ ಎಂದರ್ಥ.

ಕನೆಕ್ಟರ್ ಬಿಚ್ಚದೆ ಎಂಬ ಮಾತಿಗೆ ವಿಶೇಷ ಮಹತ್ವವಿದೆ. ಬಹುತೇಕ ತಪ್ಪು ನಿರ್ಣಯಗಳು ಇಲ್ಲಿಯೇ ಹುಟ್ಟುತ್ತವೆ. ಕನೆಕ್ಟರ್ ಬಿಚ್ಚಿ ತಂತಿಯ ತುದಿಯಲ್ಲಿ ಅಳೆದರೆ, ತುಕ್ಕು ಹಿಡಿದ ತಂತಿಯ ಮೂಲಕವೂ ಮೀಟರ್ ಪೂರ್ತಿ 12 ಅಥವಾ 14 ವೋಲ್ಟನ್ನೇ ತೋರಿಸುತ್ತದೆ. ಏಕೆಂದರೆ ಡಿಜಿಟಲ್ ಮೀಟರಿನ ಒಳರೋಧವು ಸಾಮಾನ್ಯವಾಗಿ 10 ಮೆಗಾಓಮ್‌ನಷ್ಟಿದ್ದು, ಅದರ ಮೂಲಕ ಪ್ರವಾಹ ಹರಿಯುವುದೇ ಇಲ್ಲವೆನ್ನಬಹುದು. ಪ್ರವಾಹವಿಲ್ಲದ ಕಡೆ ವೋಲ್ಟೇಜ್ ಇಳಿಕೆಯೂ ಇಲ್ಲ. ಕಾಲುವೆಯ ತೂಬು ಮುಚ್ಚಿರುವಾಗ, ಪೈಪಿನಲ್ಲಿ ಹೂಳು ತುಂಬಿದ್ದರೂ ಎರಡೂ ಕಡೆ ನೀರಿನ ಮಟ್ಟ ಸಮನಾಗಿಯೇ ಕಾಣುತ್ತದೆ. ತೂಬು ತೆರೆದಾಗಲೇ ಹೂಳಿನ ಸಂಗತಿ ಹೊರಬೀಳುವುದು. "ಕರೆಂಟ್ ಬರುತ್ತಿದೆ, ಕಾಯಿಲ್ ಹೋಗಿದೆ" ಎಂಬ ತೀರ್ಪನ್ನು ಈ ರೀತಿ ಬಿಚ್ಚಿದ ಕನೆಕ್ಟರಿನ ಮೇಲೆ ನೀಡಲಾಗಿದ್ದರೆ ಅದನ್ನು ಒಪ್ಪಬೇಕಾಗಿಲ್ಲ.

ಅಂಕಿಗಳು ಏನು ಹೇಳುತ್ತವೆ

12 ವೋಲ್ಟಿನ ವಾಹನಗಳಲ್ಲಿ ಕ್ಲಚ್ ಕಾಯಿಲ್‌ನ ರೋಧ ಸಾಮಾನ್ಯವಾಗಿ 3ರಿಂದ 5 ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಉದಾಹರಣೆಯ ವಾಹನದಲ್ಲಿ ಅದು 3.6 ಓಮ್ ಎಂದಿರಲಿ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ 14 ವೋಲ್ಟ್ ಒದಗಿಸಿದರೆ, ಕಾಯಿಲ್‌ನಲ್ಲಿ ಸುಮಾರು 3.9 ಆಂಪಿಯರ್ ಹರಿಯುತ್ತದೆ. ದಾರಿಯಲ್ಲಿನ ತುಕ್ಕು ಕೇವಲ 1.2 ಓಮ್ ರೋಧವನ್ನು ಸೇರಿಸಿದರೂ ಪ್ರವಾಹ 2.9 ಆಂಪಿಯರಿಗೆ ಇಳಿಯುತ್ತದೆ. ವಿದ್ಯುತ್ಕಾಂತದ ಸೆಳೆತವು ಸ್ಥೂಲವಾಗಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಸೆಳೆತ ಶೇಕಡಾ 56ಕ್ಕೆ ಕುಸಿಯುತ್ತದೆ. ಬೆಳಗಿನ ಹೊತ್ತು ಇಷ್ಟು ಸೆಳೆತವೇ ತಟ್ಟೆಯನ್ನು ಹಿಡಿಯಲು ಸಾಕಾಗಬಹುದು.

ಮಧ್ಯಾಹ್ನದ ಲೆಕ್ಕ ಬೇರೆ. ತಾಮ್ರದ ರೋಧವು ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಹೆಚ್ಚುತ್ತದೆ. ಎಂಜಿನ್ನಿನ ಪಕ್ಕದಲ್ಲಿ ಕುಳಿತ ಕಾಯಿಲ್ 30 ಡಿಗ್ರಿಯಿಂದ 110 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ 3.6 ಓಮ್ ಇದ್ದದ್ದು ಸುಮಾರು 4.7 ಓಮ್ ಆಗುತ್ತದೆ. ತುಕ್ಕಿನ 1.2 ಓಮ್ ಸೇರಿ ಒಟ್ಟು 5.9; ಪ್ರವಾಹ 2.4 ಆಂಪಿಯರ್, ಸೆಳೆತ ಮೂಲದ ಶೇಕಡಾ 37 ಮಾತ್ರ. ಶಾಖವೊಂದೇ ಆಗಿದ್ದರೆ ಸೆಳೆತ ಶೇಕಡಾ 59ರಷ್ಟು ಉಳಿಯುತ್ತಿತ್ತು, ಕ್ಲಚ್ ಕೂಡುತ್ತಿತ್ತು. ತುಕ್ಕೊಂದೇ ಆಗಿದ್ದರೂ ಕೂಡುತ್ತಿತ್ತು. ಎರಡೂ ಸೇರಿದಾಗ ಸೋಲುತ್ತದೆ. ಬೆಳಿಗ್ಗೆ ನಡೆದು ಮಧ್ಯಾಹ್ನ ನಿಲ್ಲುವ ಎ.ಸಿ.ಯ ಒಗಟು ಇಷ್ಟೇ.

ತುಕ್ಕಿನ ಸ್ಥಳವನ್ನು ಪತ್ತೆ ಹಚ್ಚಲು ವೋಲ್ಟೇಜ್ ಇಳಿಕೆಯ ಪರೀಕ್ಷೆ ಮಾಡಬೇಕು. ಎ.ಸಿ. ಚಾಲನೆಯಲ್ಲಿರುವಾಗಲೇ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನ ಧ್ರುವಕ್ಕೂ ಇನ್ನೊಂದನ್ನು ಕಾಯಿಲ್‌ನ ಪೂರೈಕೆಯ ತುದಿಗೂ ಹಿಡಿಯಬೇಕು. ಬಳಿಕ ಅದೇ ರೀತಿ ಕಾಯಿಲ್‌ನ ಅರ್ಥ್ ತುದಿಯಿಂದ ಬ್ಯಾಟರಿಯ ಋಣ ಧ್ರುವಕ್ಕೆ ಅಳೆಯಬೇಕು. ಪೂರೈಕೆಯ ಕಡೆ ಅರ್ಧ ವೋಲ್ಟಿನೊಳಗೆ, ಅರ್ಥ್ ಕಡೆ 0.2 ವೋಲ್ಟಿನೊಳಗೆ ಇದ್ದರೆ ಸರಿ. ಉದಾಹರಣೆಯ ವಾಹನದಲ್ಲಿ ಮಧ್ಯಾಹ್ನದ ಅಳತೆ ಹೀಗಿದೆ ಎನ್ನೋಣ: ಬ್ಯಾಟರಿಯಲ್ಲಿ 14.0, ಕಾಯಿಲ್‌ನ ಎರಡು ತುದಿಗಳ ನಡುವೆ 11.1, ಪೂರೈಕೆಯ ಕಡೆ ಇಳಿಕೆ 0.4, ಅರ್ಥ್ ಕಡೆ ಇಳಿಕೆ 2.5 ವೋಲ್ಟ್. ಈ ನಾಲ್ಕು ಅಂಕಿಗಳು ಕಾಗದದ ಮೇಲೆ ಬಿದ್ದ ಮೇಲೆ ಕಂಪ್ರೆಸರ್ ಬದಲಿಸುವ ಮಾತು ಉಳಿಯುವುದಿಲ್ಲ. ಎಂಜಿನ್ನಿನಿಂದ ಷಾಸಿಗೆ ಹೋಗುವ ಅರ್ಥ್ ಪಟ್ಟಿಯ ಬೋಲ್ಟನ್ನು ಬಿಚ್ಚಿ, ಮಣ್ಣು ತುಕ್ಕುಗಳನ್ನು ಉಜ್ಜಿ ತೆಗೆದು, ಬಿಗಿಮಾಡಿ, ಮತ್ತೊಮ್ಮೆ ಅಳೆಯಬೇಕು. ಮಳೆಗಾಲದಲ್ಲಿ ಕೆಸರಿನ ಹೊಲದಾರಿಗಳಲ್ಲಿ, ಸುಗ್ಗಿಯಲ್ಲಿ ಕಬ್ಬಿನ ಧೂಳಿನಲ್ಲಿ ಓಡಾಡುವ ವಾಹನಗಳಲ್ಲಿ ಈ ಬೋಲ್ಟುಗಳೇ ಮೊದಲು ನೋಡಬೇಕಾದ ಸ್ಥಳಗಳು.

ಇಳಿಕೆಗಳೆಲ್ಲ ಸರಿಯಿದ್ದೂ ಕಾದಾಗ ಕ್ಲಚ್ ಸೆಳೆಯದಿದ್ದರೆ, ಪುಲ್ಲಿ ಮತ್ತು ತಟ್ಟೆಯ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ನೋಡಬೇಕು. ಬಹಳಷ್ಟು ಕಂಪ್ರೆಸರ್‌ಗಳಲ್ಲಿ ಇದು 0.3ರಿಂದ 0.6 ಮಿಲಿಮೀಟರ್ ಇರಬೇಕು. ಖಚಿತ ಅಂಕಿಯನ್ನು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳತಕ್ಕದ್ದು. ಸವೆತದಿಂದ ಅಂತರ ಹೆಚ್ಚಾಗಿದ್ದರೆ ತಟ್ಟೆಯ ಹಿಂದಿನ ತೆಳುವಾದ ವಾಷರ್ ಒಂದನ್ನು ತೆಗೆದು ಸರಿಪಡಿಸಲು ಅನೇಕ ಬಾರಿ ಸಾಧ್ಯವಿದೆ. ಇದಕ್ಕೆ ಗ್ಯಾಸ್ ತೆಗೆಯುವ ಅಗತ್ಯವೂ ಇಲ್ಲ.

ವೋಲ್ಟೇಜ್ ಬಾರದೇ ಇದ್ದಾಗ

ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡದೆ ಮೀಟರಿನಿಂದ ಪರೀಕ್ಷಿಸಬೇಕು. ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಒಮ್ಮೆ ಹಾಕಿ ನೋಡಬಹುದು. ಸ್ವಿಚ್ ಒತ್ತಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲಿಯೋ ಶಾರ್ಟ್ ಆಗಿದೆ: ಕಾಯಿಲ್‌ನ ಸುತ್ತುಗಳು ಒಳಗೇ ಸುಟ್ಟಿರಬಹುದು, ತಂತಿ ಸೈಲೆನ್ಸರ್ ಕೊಳವೆಗೆ ತಾಗಿ ಕರಗಿರಬಹುದು, ಅಥವಾ ಕಾಯಿಲ್‌ಗೆ ಅಡ್ಡಲಾಗಿ ಜೋಡಿಸಿದ ಡಯೋಡ್ ಶಾರ್ಟ್ ಆಗಿರಬಹುದು. ಕಾಯಿಲ್ ಕಡಿತಗೊಂಡಾಗ ಹುಟ್ಟುವ ವೋಲ್ಟೇಜಿನ ಹೊಡೆತವನ್ನು ನುಂಗುವುದು ಈ ಡಯೋಡಿನ ಕೆಲಸ. ಅದು ಕತ್ತರಿಸಿಹೋಗಿದ್ದರೆ ಫ್ಯೂಸ್ ಸುಡುವುದಿಲ್ಲ, ಬದಲಾಗಿ ರಿಲೇಯ ಸಂಪರ್ಕಗಳು ಮೇಲಿಂದ ಮೇಲೆ ಸುಡುತ್ತವೆ. ವರ್ಷಕ್ಕೆ ಎರಡು ರಿಲೇ ಬದಲಿಸುವವರು ಡಯೋಡನ್ನು ನೋಡಿಸಬೇಕು. ಫ್ಯೂಸಿನ ಜಾಗದಲ್ಲಿ ದೊಡ್ಡ ಫ್ಯೂಸನ್ನೋ ತಂತಿಯ ತುಂಡನ್ನೋ ಇಡುವ ಪದ್ಧತಿಯಂತೂ ಸರಕು ತುಂಬಿದ ವಾಹನಕ್ಕೆ ಬೆಂಕಿಯನ್ನು ಆಹ್ವಾನಿಸಿದಂತೆ.

ಸಾಮಾನ್ಯ ನಾಲ್ಕು ಕಾಲಿನ ರಿಲೇಯ ಮೇಲೆ 30, 85, 86, 87 ಎಂಬ ಅಂಕಿಗಳಿರುತ್ತವೆ. 85 ಮತ್ತು 86 ಒಳಗಿನ ಸಣ್ಣ ಕಾಯಿಲ್‌ನ ತುದಿಗಳು; 30ಕ್ಕೆ ಬ್ಯಾಟರಿಯಿಂದ ಪೂರೈಕೆ; 87ರಿಂದ ಕ್ಲಚ್‌ಗೆ ಹೊರಹರಿವು. ಹಾರ್ನ್ ರಿಲೇ ಅದೇ ಭಾಗ ಸಂಖ್ಯೆಯದಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ರಿಲೇ ಸರಿಯಿದ್ದು 85 ಮತ್ತು 86ರ ನಡುವೆ ವೋಲ್ಟೇಜ್ ಬರುತ್ತಿಲ್ಲವಾದರೆ ಆಜ್ಞೆಯೇ ಬರುತ್ತಿಲ್ಲ ಎಂದರ್ಥ. ಹುಡುಕಾಟ ಪ್ರೆಶರ್ ಸ್ವಿಚ್ ಮತ್ತು ಥರ್ಮೊಸ್ಟ್ಯಾಟ್ ಕಡೆಗೆ ಹೋಗಬೇಕು. ಕಂಟ್ರೋಲ್ ಯೂನಿಟ್‌ಗೆ ಹೋಗುವ ತಂತಿಗಳ ಮೇಲೆ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ಬಳಸಬಾರದು. ಅದು ಎಳೆಯುವ ಪ್ರವಾಹ ಯೂನಿಟನ್ನೇ ಕೆಡಿಸಬಹುದು. ಹೊಲದ ಪಕ್ಕ ರಾತ್ರಿ ನಿಲ್ಲಿಸುವ ವಾಹನಗಳಲ್ಲಿ ಇಲಿಗಳು ಕಡಿದ ತಂತಿಯನ್ನೂ ಮರೆಯುವಂತಿಲ್ಲ.

ಪ್ರೆಶರ್ ಸ್ವಿಚ್ ವಿಷಯದಲ್ಲಿ ಎಚ್ಚರ ಅಗತ್ಯ. ಒತ್ತಡ ಸುಮಾರು 2 ಬಾರ್‌ಗಿಂತ ಇಳಿದರೂ, ಸುಮಾರು 30 ಬಾರ್ ದಾಟಿದರೂ ಇದು ಕ್ಲಚ್‌ನ ಆಜ್ಞೆಯನ್ನು ಕಡಿದುಹಾಕುತ್ತದೆ. ಆರ್-134ಎ ಗ್ಯಾಸ್ ಇರುವ ವಾಹನವು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ನಿಂತಿದ್ದಾಗ ಗೇಜಿನಲ್ಲಿ ಸುಮಾರು 6.7 ಬಾರ್ ಕಾಣಬೇಕು; ಅದಕ್ಕಿಂತ ಬಹಳ ಕಡಿಮೆಯಿದ್ದರೆ ದೋಷ ವಿದ್ಯುತ್ತಿನದಲ್ಲ, ಸೋರಿಕೆಯದು. ಅಷ್ಟೇ ಒತ್ತಡ ಕಂಡರೂ ಗ್ಯಾಸಿನ ಪ್ರಮಾಣ ಸರಿಯಿದೆ ಎಂದಾಗುವುದಿಲ್ಲ, ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ. ಆದರೆ ಸ್ವಿಚ್ ಕೂಡಲು ಅದು ಸಾಕು. ಅಷ್ಟಿದ್ದೂ ಸ್ವಿಚ್ ಕೂಡದಿದ್ದರೆ ಸ್ವಿಚ್ಚೇ ಕೆಟ್ಟಿದೆ. ಎರಡು ತಂತಿಗಳ ಸರಳ ಸ್ವಿಚ್ಚಾಗಿದ್ದರೆ ಅವುಗಳನ್ನು ಕೂಡಿಸಿ ಕೆಲವೇ ಸೆಕೆಂಡು ಪರೀಕ್ಷಿಸುವುದುಂಟು; ಮೂರು ತಂತಿಗಳ ಸೆನ್ಸರ್ ಆಗಿದ್ದರೆ ಅದೂ ಸಲ್ಲದು. ಆ ಜೋಡಣೆಯನ್ನು ಹಾಗೆಯೇ ಬಿಟ್ಟು ವಾಹನ ಕಳುಹಿಸುವವರಿದ್ದಾರೆ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ; ಗ್ಯಾಸ್ ಇಲ್ಲದೆ ತಿರುಗಿದ ಕಂಪ್ರೆಸರ್ ಎಣ್ಣೆಯಿಲ್ಲದೆ ಹಿಡಿದುಕೊಳ್ಳುತ್ತದೆ. ಉಳಿಸಬಹುದಾಗಿದ್ದ ಕಂಪ್ರೆಸರ್ ನಿಜವಾಗಿಯೂ ಹೋಗುವುದು ಹೀಗೆ.

ಬ್ಲೋಯರ್ ಕೇವಲ ಅತಿ ವೇಗದಲ್ಲಿ ಮಾತ್ರ ನಡೆದು ಉಳಿದ ವೇಗಗಳಲ್ಲಿ ನಿಲ್ಲುತ್ತಿದ್ದರೆ ಅದರ ರೆಸಿಸ್ಟರ್ ಕತ್ತರಿಸಿದೆ, ಮೋಟಾರ್ ಬದಲಿಸಬೇಕಾಗಿಲ್ಲ.

ಲಾರಿಗಳು ಮತ್ತು ಹೊಸ ವಾಹನಗಳು

ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟಿನ ಬ್ಯಾಟರಿಗಳು ಸರಣಿಯಲ್ಲಿದ್ದು ವ್ಯವಸ್ಥೆ 24 ವೋಲ್ಟಿನದಾಗಿರುತ್ತದೆ. ಕ್ಲಚ್ ಕಾಯಿಲ್‌ನ ರೋಧವೂ ಅದಕ್ಕೆ ತಕ್ಕಂತೆ ಹೆಚ್ಚು. 48 ವ್ಯಾಟ್‌ನ ಕಾಯಿಲ್ 24 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುತ್ತದೆ, ರೋಧ 12 ಓಮ್. ಕಾರಿನ ರಿಲೇ ಅಥವಾ ಕಾಯಿಲನ್ನು ಲಾರಿಗೆ ಹಾಕಿದರೆ ಸುಡುತ್ತದೆ. ಹಾಡು ಕೇಳಲು ಅಥವಾ ಮೊಬೈಲ್ ಚಾರ್ಜ್ ಮಾಡಲು ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆಯುವ ಅಭ್ಯಾಸ ಚಾಲಕರಲ್ಲಿದೆ. ಇದರಿಂದ ಆ ಬ್ಯಾಟರಿ ಬಡವಾಗಿ, ಇನ್ನೊಂದು ಹೆಚ್ಚು ಚಾರ್ಜ್ ಆಗಿ, ಎ.ಸಿ. ಸೇರಿದಂತೆ ಎಲ್ಲ ವ್ಯವಸ್ಥೆಗೂ ತೊಂದರೆ ತಗಲುತ್ತದೆ. ಅಂಥ ಸಂಪರ್ಕಗಳಿಗೆ 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿಸುವುದು ಮೇಲು.

ಕೆಲವು ಹೊಸ ಕಾರುಗಳ ಕಂಪ್ರೆಸರ್‌ಗಳಲ್ಲಿ ಕ್ಲಚ್ಚೇ ಇರುವುದಿಲ್ಲ. ಒಳಗಿನ ಕವಾಟವೊಂದು ತಂಪಿನ ಪ್ರಮಾಣವನ್ನು ನಿಯಂತ್ರಿಸುತ್ತದೆ. 'ಟಕ್' ಸದ್ದು ಬರಲಿಲ್ಲವೆಂದು ಅಲ್ಲಿ ಹುಡುಕುವುದು ವ್ಯರ್ಥ, ಸ್ಕ್ಯಾನರ್ ಜೋಡಿಸಿಯೇ ನೋಡಬೇಕು. ವಿದ್ಯುತ್ ಚಾಲಿತ ವಾಹನಗಳಲ್ಲಿ ಕಂಪ್ರೆಸರ್ ಸಾಮಾನ್ಯವಾಗಿ ನೂರಾರು ವೋಲ್ಟಿನ ಮೇಲೆ ನಡೆಯುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ತರಬೇತಿ ಇಲ್ಲದವರು ಕೈ ಇಡತಕ್ಕದ್ದಲ್ಲ. ಯಾವುದೇ ವಾಹನದಲ್ಲಿ ಗ್ಯಾಸಿನ ಕೊಳವೆಯನ್ನು ತಕ್ಕ ಯಂತ್ರವಿಲ್ಲದೆ ಬಿಚ್ಚಬಾರದು. ಆರ್-134ಎ ಕುದಿಯುವುದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಗ್ಯಾರೇಜಿನೊಡನೆ ವ್ಯವಹಾರ

ಕಂಪ್ರೆಸರ್ ಅಥವಾ ಕಾಯಿಲ್ ಬದಲಿಸಬೇಕೆಂದು ಹೇಳಿದಾಗ ಮಾಲೀಕರು ಜಾಬ್ ಕಾರ್ಡಿನ ಮೇಲೆ ಐದು ಅಂಕಿಗಳನ್ನು ಬರೆಸಿಕೊಳ್ಳಬೇಕು: ಬ್ಯಾಟರಿಯ ವೋಲ್ಟೇಜ್, ಕನೆಕ್ಟರ್ ಜೋಡಿಸಿದ್ದಾಗ ಕಾಯಿಲ್‌ನ ವೋಲ್ಟೇಜ್, ಅರ್ಥ್ ಕಡೆಯ ಇಳಿಕೆ, ಕಾಯಿಲ್‌ನ ರೋಧ ಮತ್ತು ನಿಂತ ವಾಹನದಲ್ಲಿ ಗ್ಯಾಸಿನ ಒತ್ತಡ. ಅಳತೆ ಮಾಡಿದ ಹೊತ್ತು ಮತ್ತು ಆಗ ದೋಷ ಕಾಣಿಸಿತ್ತೇ ಇಲ್ಲವೇ ಎಂಬುದನ್ನೂ ಸೇರಿಸಿದರೆ ಉತ್ತಮ. ಕುಶಲ ಇಲೆಕ್ಟ್ರಿಷಿಯನ್ನನಿಗೆ ಇದು ಹದಿನೈದು ನಿಮಿಷದ ಕೆಲಸ, ಅದಕ್ಕೆ ತಕ್ಕ ಮಜೂರಿಯನ್ನು ಚೌಕಾಶಿಯಿಲ್ಲದೆ ಕೊಡುವುದು ನ್ಯಾಯ. ಅಳತೆಗೆ ಬೆಲೆ ಕೊಡದೆ ಬಿಡಿಭಾಗಕ್ಕೆ ಮಾತ್ರ ಹಣ ಕೊಡುವ ಗಿರಾಕಿಗೆ ಗ್ಯಾರೇಜಿನವರು ಬಿಡಿಭಾಗವನ್ನೇ ಮಾರುತ್ತಾರೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ವಾರಂಟಿ ಅವಧಿಯ ವಾಹನದಲ್ಲಿ ಹೊರಗಿನಿಂದ ತಂತಿ ಕೂಡಿಸಿದ್ದರೆ ಅಥವಾ ಪ್ರೆಶರ್ ಸ್ವಿಚ್ ತಪ್ಪಿಸಿದ್ದರೆ ತಯಾರಕರು ಹಕ್ಕನ್ನು ನಿರಾಕರಿಸಲು ಅದೇ ಕಾರಣವಾಗಬಹುದಾದ್ದರಿಂದ, ಅಂಥ ಕೆಲಸಕ್ಕೆ ಕೈಹಾಕುವ ಮೊದಲು ಮಾಲೀಕರ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಚಾಲಕರಿಗೂ ಗ್ಯಾರೇಜಿಗೂ ಮುಂಚಿತವಾಗಿಯೇ ತಿಳಿಸಿಡಬೇಕು.